ಮದುವೆಯ ಚಿತ್ರ: ದರದ ಲೆಕ್ಕ

ಒಬ್ಬ ಛಾಯಾಗ್ರಾಹಕರು ಹೇಳಿದ ದರಕ್ಕಿಂತ ಇನ್ನೊಬ್ಬರದು ಎರಡು ಪಟ್ಟಾದರೆ ನೀವು ಬೆರಗಾಗಬೇಕಿಲ್ಲ. ಇಬ್ಬರೂ ಒಂದೇ ಕೆಲಸಕ್ಕೆ ದರ ಹೇಳಿದ್ದಾರೆಯೇ ಎಂದು ಮೊದಲು ವಿಚಾರಿಸಿ. ವರಪೂಜೆಯಿಂದ ಆರತಕ್ಷತೆಯವರೆಗೆ ಎಷ್ಟು ಮಂದಿ ಇರುತ್ತಾರೆ? ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಒಬ್ಬರೇ ಇದ್ದರೆ ವಧುವಿನ ಮುಖ ಸಿಕ್ಕೀತು. ಅಕ್ಷತೆ ಹಾಕುತ್ತ ಕಣ್ಣೊರೆಸಿಕೊಳ್ಳುವ ತಾಯಿಯ ಮುಖ ತಪ್ಪೀತು. ಕ್ಯಾಮೆರಾ ಕೆಟ್ಟರೆ ಇನ್ನೊಂದು ಇದೆಯೇ? ಚಿತ್ರಗಳು ಏಕಕಾಲಕ್ಕೆ ಎರಡು ಕಾರ್ಡುಗಳಲ್ಲಿ ದಾಖಲಾಗುತ್ತವೆಯೇ? ಆಮೇಲೆ ಆರಿಸಿ ತಿದ್ದುವ ದಿನಗಳ ಶ್ರಮಕ್ಕೂ ಬೆಲೆಯುಂಟು. ಆಲ್ಬಮ್ಮಿನ ಹಾಳೆಗಳೆಷ್ಟು, ಹೊತ್ತು ಮೀರಿದರೆ ಬೇರೆ ಹಣವೇ ಎಂಬುದನ್ನು ಬರೆಯಿಸಿಕೊಳ್ಳಿ. ಹಾಗೆಂದು ದುಬಾರಿಯಾದದ್ದೆಲ್ಲ ಉತ್ತಮವೆಂದಲ್ಲ. ಹತ್ತು ಮದುವೆಗಳಿಂದ ಹತ್ತು ಚೆಂದದ ಚಿತ್ರಗಳನ್ನು ಯಾರೂ ತೋರಿಸಬಲ್ಲರು; ನೀವು ಒಂದೇ ಮದುವೆಯ ಪೂರ್ತಿ ಆಲ್ಬಮ್ ಕೇಳಿ ನೋಡಿ. ಸಾರು ಸಾಲದೆ ಹೋದರೆ ಮತ್ತೆ ಮಾಡಿ ಬಡಿಸಬಹುದು. ಕಳೆದ ಮುಹೂರ್ತ ಮರಳಿ ಬಾರದು.