ಸೂರ್ಯನ ಹಸಿರು ಗೆರೆ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬಂದಿರುವ ಮಕ್ಕಳೇ, ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಿಮ್ಮ ಮಾದರಿಗಳು ಮುಖ್ಯ, ಭಾಷಣವಲ್ಲ. ಆದರೂ ಸೂರ್ಯನ ಬಗ್ಗೆ ನಾಲ್ಕು ಮಾತು.

ಒಲೆಯಿಂದ ದೂರ ಸರಿದಷ್ಟೂ ಕಾವು ಇಳಿಯಬೇಕು. ಸೂರ್ಯನಲ್ಲಿ ಹಾಗಿಲ್ಲ. ಕಣ್ಣಿಗೆ ಕಾಣುವ ಮೇಲ್ಮೈ ಸುಮಾರು 5,500 ಡಿಗ್ರಿ. ಅದರಾಚೆಯ ಹೊರ ವಾತಾವರಣ, ಅಂದರೆ ಕರೋನಾ, ಹತ್ತಿಪ್ಪತ್ತು ಲಕ್ಷ ಡಿಗ್ರಿ!

ಅಲ್ಲಿ ಥರ್ಮಾಮೀಟರ್ ಇಟ್ಟವರಾರು? ಗುಟ್ಟು ಬಿಟ್ಟುಕೊಟ್ಟದ್ದು ಒಂದು ಹಸಿರು ಗೆರೆ. 1869ರ ಖಗ್ರಾಸ ಗ್ರಹಣದಲ್ಲಿ ಅಮೆರಿಕದ ಖಗೋಳಜ್ಞರಾದ ಹಾರ್ಕ್‌ನೆಸ್ ಮತ್ತು ಯಂಗ್ ಕರೋನಾದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಅದು ಕಂಡಿತು. ಗೊತ್ತಿದ್ದ ಯಾವ ಧಾತುವಿನ ಗೆರೆಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು 'ಕರೋನಿಯಂ' ಎಂಬ ನಾಮಕರಣವೂ ಆಗಿಹೋಯಿತು. ಸುಮಾರು 70 ವರ್ಷಗಳ ಮೇಲೆ ವಿಜ್ಞಾನಿಗಳಾದ ಗ್ರೋಟ್ರಿಯನ್, ಎಡ್ಲೆನ್ ಅವರ ಕೆಲಸದಿಂದ ಗೊತ್ತಾಯಿತು: ಅದು ನಮ್ಮ ಮಾಮೂಲಿ ಕಬ್ಬಿಣ! ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಅಷ್ಟು ಕಳಚಲು ಸುಮಾರು 20 ಲಕ್ಷ ಡಿಗ್ರಿ ಕಾವು ಬೇಕು.

ಆ ಕಾವಿನ ಹಿಂದೆ ಕಾಂತಕ್ಷೇತ್ರವಿದೆ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅದು ಅಲೆಗಳ ಮೂಲಕ ಶಕ್ತಿಯನ್ನು ಮೇಲಕ್ಕೆ ಸಾಗಿಸುತ್ತದೋ, ಅಸಂಖ್ಯ ಪುಟ್ಟ ಸ್ಫೋಟಗಳಲ್ಲಿ ಬಿಡುಗಡೆ ಮಾಡುತ್ತದೋ ಎಂಬ ವಾದ ಇನ್ನೂ ಬಗೆಹರಿದಿಲ್ಲ.

ಹಿಂದೆ ಕರೋನಾ ಚೆನ್ನಾಗಿ ನೋಡಲು ಹೆಚ್ಚಾಗಿ ಗ್ರಹಣಕ್ಕೇ ಕಾಯಬೇಕಿತ್ತು. 1980ರ ಫೆಬ್ರವರಿ 16ರಂದು ವಿಜ್ಞಾನಿಗಳು ಹುಬ್ಬಳ್ಳಿಯ ಬಳಿ ಬೀಡುಬಿಟ್ಟದ್ದು ಕೆಲವೇ ನಿಮಿಷಗಳ ಕತ್ತಲೆಗಾಗಿ. ಈಗ 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಸೂರ್ಯವೀಕ್ಷಕ ನೌಕೆ ಆದಿತ್ಯ-ಎಲ್1, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದರಲ್ಲಿನ, ಕರೋನಾ ನೋಡುವ ವೆಲ್ಕ್ ಉಪಕರಣ ಹೊಸಕೋಟೆಯಲ್ಲಿ ರೂಪುಗೊಂಡದ್ದು. ಸೂರ್ಯಬಿಂಬವನ್ನು ಮರೆಮಾಡಿ ತಾನೇ ಗ್ರಹಣ ಹಿಡಿಸುತ್ತದೆ. ಅಳೆಯುವ ಗೆರೆಗಳಲ್ಲಿ ಅದೇ ಹಸಿರು ಗೆರೆಯೂ ಒಂದು. ಸೂರ್ಯನ ಸ್ಫೋಟಗಳ ಎಕ್ಸ್-ಕಿರಣಗಳನ್ನು ಹಿಡಿಯಲು ನೌಕೆಯಲ್ಲಿ ಬೇರೆ ಉಪಕರಣಗಳಿವೆ. ಸೂರ್ಯನ ರೇಡಿಯೊ ಅಲೆಗಳನ್ನು ಗೌರಿಬಿದನೂರಿನ ಆಂಟೆನಾಗಳು ಹಿಡಿಯುತ್ತವೆ. ಬೇರೆ ನಕ್ಷತ್ರಗಳಲ್ಲೂ ಸ್ಫೋಟಗಳಾಗುತ್ತವೆ, ಆದರೆ ನಮಗೆ ಅವು ಬರೀ ಚುಕ್ಕಿಗಳು. ಅಲ್ಲಿ ಬೆಳಕು ಹಠಾತ್ತನೆ ಏರುವುದೇ ಸುಳಿವು: 2016ರ ಮಾರ್ಚ್‌ನಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ಹೀಗೇ ಭುಗಿಲೆದ್ದಿತು.

ಹಾಸನಕ್ಕೂ ಸೂರ್ಯನ ಸ್ಫೋಟಗಳಿಗೂ ಏನು ಸಂಬಂಧ? 1982ರಿಂದ ಇಲ್ಲಿನ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್, 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಕಾಯುತ್ತಿದೆ. ಸೂರ್ಯ ಸಿಡಿದಾಗ ಹೊಮ್ಮುವ ಕಣಗಳು ಅವುಗಳ ಎಲೆಕ್ಟ್ರಾನಿಕ್ಸ್‌ಗೆ ತೊಂದರೆ ಕೊಡಬಲ್ಲವು. 2024ರ ಮೇ ತಿಂಗಳ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಆಲೂಗೆಡ್ಡೆ ಬೆಳೆಗಾರನಿಗೆ ಮಳೆ ಸುದ್ದಿ ಬೇಕಾದಷ್ಟೇ ಎಂಸಿಎಫ್‌ಗೆ ಸೂರ್ಯನ ಸುದ್ದಿಯೂ ಬೇಕು.

ಪ್ರದರ್ಶನ ಈಗ ಎಲ್ಲರಿಗೂ ತೆರೆದಿದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಲು ಹಳೇ ಸಿ.ಡಿ. ತುಂಡು ಅಂಟಿಸಿದ ರಟ್ಟಿನ ಪೆಟ್ಟಿಗೆ ಎಲ್ಲಾದರೂ ಕಂಡರೆ, ಅದರ ಸೀಳನ್ನು ಟ್ಯೂಬ್‌ಲೈಟಿಗೆ ಹಿಡಿದು ಗೆರೆಗಳನ್ನು ಎಣಿಸಿ. ಸೂರ್ಯನತ್ತ ಮಾತ್ರ ಹಿಡಿಯಬೇಡಿ.