ಟಿಕೆಟಿನ ಕಾಳಸಂತೆ ಮತ್ತು ನಾವು

ತಿಳವಳ್ಳಿಯಲ್ಲಿ ಯೂರಿಯಾ ಚೀಲವನ್ನು ನಿಗದಿತ ಬೆಲೆಗಿಂತ ಹೆಚ್ಚಿಗೆ ಮಾರಿದರೆ ನಾವದನ್ನು ವ್ಯಾಪಾರವೆನ್ನುವುದಿಲ್ಲ, ಸುಲಿಗೆ ಎನ್ನುತ್ತೇವೆ. ಫುಟ್ಬಾಲ್ ಟಿಕೆಟಿಗೆ ಬೇರೆ ನ್ಯಾಯವುಂಟೇ? ಇಂಗ್ಲೆಂಡಿನಲ್ಲಿ 1994ರ ಕಾಯ್ದೆಯು ಅದರ ಅನಧಿಕೃತ ಮರುಮಾರಾಟವನ್ನು ಅಪರಾಧವೆಂದಿತು. ಆದರೆ 2026ರ ವಿಶ್ವಕಪ್‌ಗೆ ಫಿಫಾ ಸಂಸ್ಥೆಯೇ ಮರುಮಾರಾಟದ ಮಳಿಗೆ ತೆರೆದು, ಮಾರುವವರಿಂದಲೂ ಕೊಳ್ಳುವವರಿಂದಲೂ ಶೇ. 15ರಂತೆ ಶುಲ್ಕ ವಿಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಪಂದ್ಯಕ್ಕೆ ಹೋಗಲಾಗದವನು ಕೊಂಡ ಬೆಲೆಗೆ ಟಿಕೆಟ್ ಬಿಟ್ಟುಕೊಡುವುದು ತಪ್ಪಲ್ಲ. ನೋಡುವ ಇರಾದೆಯೇ ಇಲ್ಲದೆ ಹತ್ತಾರು ಟಿಕೆಟ್ ಬಾಚಿಕೊಂಡು, ಅಭಾವ ಸೃಷ್ಟಿಸಿ, ಆ ಅಭಾವವನ್ನೇ ಮಾರುವುದು ತಪ್ಪು. ‘ಇದು ಅನ್ನವಲ್ಲ, ಆಟ ತಾನೇ’ ಎನ್ನುವವರಿದ್ದಾರೆ. ಇಹ್ತಿಕಾರ್, ಅಂದರೆ ಅಕ್ರಮ ದಾಸ್ತಾನಿನ ನಿಷೇಧವನ್ನು ಆಹಾರಕ್ಕಷ್ಟೇ ಸೀಮಿತಗೊಳಿಸಿದ ವಿದ್ವಾಂಸರೂ ಇದ್ದಾರೆ. ಆದರೆ ವಸ್ತು ಬದಲಾದ ಮಾತ್ರಕ್ಕೆ ಸುಲಿಗೆ ಸೇವೆಯಾಗುವುದೇ?

ಗೊಬ್ಬರದಂಗಡಿಯವನನ್ನು ಶಪಿಸುವ ನಾವು, ನಮ್ಮ ಕೈಗೆ ಟಿಕೆಟ್ ಬಂದಾಗ ಅವನೇ ಆಗದಿರೋಣ.