ಎಲೆ ಬಿಡಿಸುವ ದ್ರವ

ಯಂತ್ರಗಳಿಗೆ ಬಳಿಯುವ ಕರಿಯ ಗ್ರೀಸನ್ನು ಕಂಡವರು ನಮ್ಮಲ್ಲಿ ಅನೇಕರು. ಅಂಥ ಕೆಲವು ಗ್ರೀಸುಗಳಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡಿನ ಪುಡಿ ಬೆರೆತಿರುತ್ತದೆ. ಅದರ ನುಣುಪಿಗೆ ಕಾರಣ ಅದರ ರಚನೆ. ವೀಳ್ಯದೆಲೆಯ ಕವಳಿಗೆಯಂತೆ ಪದರದ ಮೇಲೆ ಪದರ. ನಡುವೆ ಮಾಲಿಬ್ಡಿನಮ್ ಪರಮಾಣುಗಳ ಹಾಸು, ಮೇಲೊಂದು ಕೆಳಗೊಂದು ಗಂಧಕದ ಹಾಸು, ಇಷ್ಟು ಸೇರಿ ಒಂದು ಎಲೆ. ಎಲೆಯೊಳಗಿನ ಬಂಧ ಬಲು ಬಿಗಿ; ಎಲೆಎಲೆಗಳ ನಡುವಣ ನಂಟು ಸಡಿಲ. ಆದುದರಿಂದಲೇ ಅವು ಜಾರುತ್ತವೆ.

ಒಂದು ಎಲೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ಅದು ಅರೆವಾಹಕ, ವಿದ್ಯುತ್ತನ್ನು ಬೇಕೆಂದಾಗ ಹರಿಯಗೊಟ್ಟು ಬೇಡವೆಂದಾಗ ತಡೆಯುವಂತೆ ಅದನ್ನು ಅಳವಡಿಸಬಹುದು. ಒಂಟಿ ಎಲೆಯಾದಾಗ ಅದು ಇಡಿಯ ಹರಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಸೂಸುತ್ತದೆಂಬುದು 2010ರಲ್ಲಿ ತಿಳಿದುಬಂತು. ಆದರೆ ಎಲೆಯನ್ನು ಬಿಡಿಸುವುದೆಂತು? 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರ ಕಿತ್ತ ವಿಧಾನ ಇಲ್ಲಿಯೂ ನಡೆಯುತ್ತದೆ. ಪ್ರಯೋಗಶಾಲೆಗೆ ಅದು ಸಾಕು, ಕಾರ್ಖಾನೆಗೆ ಸಾಲದು. ರಾಶಿರಾಶಿಯಾಗಿ ಬೇಕೆಂದರೆ ದ್ರವದ ಮೊರೆ ಹೋಗಬೇಕು.

ಈ ದಾರಿ ಹಳೆಯದು. 1986ರಲ್ಲಿ ಕೆನಡದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದಲ್ಲಿ ಎಲೆಗಳ ಸಂದಿಗೆ ಲಿಥಿಯಮ್ ತೂರಿಸಿ, ಆ ಪುಡಿಯನ್ನು ನೀರಿಗೆ ಹಾಕಿದರು. ಲಿಥಿಯಮ್ಮೂ ನೀರೂ ಕೂಡಿದರೆ ಜಲಜನಕ ಹುಟ್ಟುತ್ತದೆ. ಸಂದಿಯಲ್ಲಿ ಹುಟ್ಟಿದ ಆ ಅನಿಲವೇ ಎಲೆಗಳನ್ನು ದೂರ ತಳ್ಳಿತು. ಎಷ್ಟು ಸೊಗಸಾದ ಉಪಾಯ! ತೊಡಕೂ ಅದರಲ್ಲಿಯೇ ಅಡಗಿತ್ತು. ಲಿಥಿಯಮ್ ತನ್ನ ಎಲೆಕ್ಟ್ರಾನನ್ನು ಎಲೆಗೆ ದಾನಮಾಡುತ್ತದೆ. ದಾನ ಮಿತಿಮೀರಿದಾಗ ಪರಮಾಣುಗಳು ಸ್ಥಾನ ಪಲ್ಲಟಗೊಂಡು ಅರೆವಾಹಕ ಲೋಹದಂತಾಗಿಬಿಡುತ್ತದೆ. ಎಲೆಯೇನೋ ಸಿಕ್ಕಿತು, ಯಾವ ಗುಣಕ್ಕಾಗಿ ಅದನ್ನು ಅರಸಿದೆವೋ ಆ ಗುಣ ಹೋಯಿತು. ಕಾಯಿಸಿದರೆ ಅದು ಬಹುಮಟ್ಟಿಗೆ ಮರಳುತ್ತದೆ, ಗಾಸಿಯ ಗುರುತು ಉಳಿಯುತ್ತದೆ.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ತಂಡ 2010ರಲ್ಲಿ ಲಿಥಿಯಮ್ ಮಾರ್ಗದೊಡನೆ, ಮಾಲಿಬ್ಡಿಕ್ ಆಮ್ಲವನ್ನೂ ಥಯೋಯೂರಿಯವನ್ನೂ ಕೂಡಿಸಿ ಕಾಯಿಸಿ ಎಲೆಗಳನ್ನು ಹೊಸದಾಗಿ ಕಟ್ಟುವ ಮಾರ್ಗವನ್ನೂ ತೋರಿಸಿತು. ಮರುವರ್ಷ ಡಬ್ಲಿನ್ನಿನ ಕೋಲ್‌ಮನ್ ಮತ್ತು ಸಂಗಡಿಗರು ಲಿಥಿಯಮ್ಮಿನ ಗೊಡವೆಯೇ ಬೇಡವೆಂದು, ತಕ್ಕ ದ್ರಾವಕದಲ್ಲಿ ಪುಡಿಯನ್ನಿಟ್ಟು ಶ್ರವಣಾತೀತ ಶಬ್ದದಿಂದ ಅಲುಗಿಸಿದರು. ಗುಣ ಉಳಿಯಿತು, ಎಲೆಗಳು ಮಾತ್ರ ಚಿಕ್ಕವು, ದಪ್ಪವೂ ಒಂದೇ ಸಮನಲ್ಲ.

2018ರಲ್ಲಿ ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ಬಂದ ಉತ್ತರವೇ ನನಗೆ ಜಾಣತನದ್ದಾಗಿ ಕಾಣುತ್ತದೆ. ಅವರು ಕಿರಿದಾದ ಲಿಥಿಯಮ್ಮಿಗೆ ಬದಲು, ಉದ್ದ ಬಾಲಗಳುಳ್ಳ ಭಾರಿ ಅಮೋನಿಯಮ್ ಅಯಾನುಗಳನ್ನು ವಿದ್ಯುತ್ತಿನ ಬಲದಿಂದ ಒಳಹೊಗಿಸಿದರು. ಭಾರಿ ಅತಿಥಿಗೆ ಜಾಗ ಹೆಚ್ಚು ಬೇಕು. ಒಳಗೆ ಹಿಡಿಸುವುದು ಕೆಲವರು ಮಾತ್ರ. ಆದುದರಿಂದ ಎಲೆಕ್ಟ್ರಾನಿನ ದಾನವೂ ಮಿತ. ಸಂದಿ ಅಗಲವಾಯಿತು, ಎಲೆಯ ಸ್ವಭಾವ ಕೆಡಲಿಲ್ಲ. ಬಿಡಿಬಂದ ಹಾಳೆಗಳು ಒಂಟಿ ಪದರದವಲ್ಲ, ಕೆಲವೇ ಪದರದವು. ದ್ರಾವಕದಲ್ಲಿ ತೇಲುವ ಅವು ಮಸಿಯಂತೆ ಬಳಿಯಲು ಬಂದವು, ಬಳಿದ ಪೊರೆಯಿಂದ ಟ್ರಾನ್ಸಿಸ್ಟರುಗಳಾದವು.

ಆ ಪೊರೆಯಲ್ಲಿ ಹಾಳೆಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಒರಗಿ ನಿಲ್ಲುತ್ತವೆ. ಎಲೆಕ್ಟ್ರಾನು ಹೆಂಚಿನಿಂದ ಹೆಂಚಿಗೆ ದಾಟಬೇಕು. ನಡುವೆ ದ್ರಾವಕದ ಪಸೆ ಉಳಿದಿದ್ದರೆ ಅಲ್ಲಿಯೇ ತಡೆಯುತ್ತದೆ.